ಫೋನಿಗೆ ಬಾರದ ದನಿ

ಎಲ್ ಆಲ್ಟೊ, ಬೊಲಿವಿಯಾ
9 ಜುಲೈ 2006

ಅವ್ವಾ,

ಕಳೆದ ಭಾನುವಾರ ನೀನು ಫೋನು ಮಾಡಿದಾಗ ನಾನು ಮನೆಯಲ್ಲೇ ಇದ್ದೆ. ಟೆಲಿಫೋನ್ ಅಂಗಡಿಯ ದೋನ್ ಮಕಾರಿಯೊ ಬೀದಿಯ ಆ ಕಡೆಯಿಂದ "ಯೊಲಾ, ಬ್ಯೂನಸ್ ಐರಿಸಿಂದ ನಿಮ್ಮವ್ವ!" ಎಂದು ಕೂಗಿದ್ದೂ ಕೇಳಿಸಿತು. ಆದರೂ ಬರಲಿಲ್ಲ. ಕೋಪ ಮಾಡಿಕೊಳ್ಳಬೇಡ. ಗಂಟಲು ಕೆಟ್ಟಿದೆ, ಅಷ್ಟೇ.

ದಿನವಿಡೀ ನಿನ್ನ ಅಳಿಯ ಗ್ರೊವರನ ಮಿನಿಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು "ಸೇಹಾ, ಸೇಹಾ, ಸಾನ್ ಫ್ರಾನ್ಸಿಸ್ಕೊ, ಪೆರೆಸ್, ಸೀಟಿದೆ ಸೀಟಿದೆ!" ಎಂದು ಸ್ಟಾಪುಗಳ ಹೆಸರು ಅರಚುವವಳ ಗಂಟಲು ಈ ಚಳಿಯಲ್ಲಿ ಕೆಡದೆ ಇನ್ನೇನಾಗುತ್ತದೆ? ನಮ್ಮ ಲೈನಿನಲ್ಲಿ ಬಸ್ಸಿಗೆ ಜನ ಕೂಗುವವರೆಲ್ಲರ ಪಾಡೂ ಇದೇ. ನೀಲಗಿರಿ ಎಲೆಯ ಹಬೆ ಹಿಡಿದೆ. ಎದೆಗೆ ಲಾಮಾ ಕೊಬ್ಬು ತಿಕ್ಕಿಸಿಕೊಂಡೆ. ಮೈಯೆಲ್ಲ ಕೊಟ್ಟಿಗೆಯ ವಾಸನೆ. ಅತ್ತೆ ದೋನ್ಯಾ ಬೆನಿತಾ ಹೇಳುವ ಮದ್ದು ಇನ್ನೂ ಸುಲಭ: "ಬಾಯಿ ಮುಚ್ಕೊಂಡು ಕೂತ್ರೆ ತಾನೇ ವಾಸಿಯಾಗ್ತದೆ. ಆದ್ರೆ ನಿಂಗೆ ಅದೊಂದು ಬರಾಕಿಲ್ವಲ್ಲ!"

ಗಂಟಲು ಸರಿಹೋಗುವ ತನಕ ಕಾಗದ ಬರೆಯುತ್ತೇನೆ. ಗುರುವಾರ ಅಲ್ಲಿಗೆ ಬರುವ ಬಸ್ಸಿನ ಡ್ರೈವರ್ ಗುರುತಿನವನು, ನಿಮ್ಮ ಲಿನಿಯರ್ಸಿನ ನಿಲ್ದಾಣದಲ್ಲಿ ನಿನ್ನ ಗೆಳತಿಯ ಕೈಗೆ ಕೊಡುತ್ತಾನೆ. ಬೆನಿತಾಳ ಲೆಕ್ಕದಲ್ಲಿ ಹೊಟ್ಟೆಗೆ ಐದು ತಿಂಗಳು ತುಂಬಿತು. ಮಿನಿಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಒಳಗಿರುವವರು ಒದೆಯುತ್ತಾರೆ, ಡ್ರೈವರನ ಮೇಲೆ ದೂರು ಹೇಳುವ ಹಾಗೆ.

ನಿನ್ನ ಮಗಳು,
ಯೊಲಾ


ಬ್ಯೂನಸ್ ಐರಿಸ್
23 ಜುಲೈ 2006

ಯೊಲಾ ಮಗಳೇ,

ಗಂಟಲು ಕೆಟ್ಟವರು ಫೋನಿನಲ್ಲಿ ಕೆಮ್ಮುತ್ತಾರೆ, ಪಿಸುಗುಟ್ಟುತ್ತಾರೆ. ಯಾರೂ ಕಾಗದ ಬರೆಯುವುದಿಲ್ಲ.

ನೇರವಾಗಿ ಕೇಳುತ್ತೇನೆ. ಗ್ರೊವರ್ ನಿನ್ನ ಮೇಲೆ ಕೈ ಮಾಡುತ್ತಿದ್ದಾನೆಯೇ? ಫೋನಿಗೆ ಬಾರದ ಹೆಂಗಸು ಏನನ್ನು ಮುಚ್ಚಿಡುತ್ತಿರುತ್ತಾಳೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಿನ್ನಪ್ಪನ ಕಾಲದಲ್ಲಿ ನನ್ನ ತಮ್ಮ ಫೋನು ಮಾಡಿದರೆ ನಾನೂ ಹಲ್ಲುನೋವು ಎಂದು ಹೇಳಿಕಳಿಸುತ್ತಿದ್ದೆ. ತುಟಿ ಊದಿರುತ್ತಿತ್ತು.

ಸತ್ತವನನ್ನು ಆಡಿಕೊಳ್ಳಬಾರದು, ಗೊತ್ತು. ಆದರೆ ಹೇಳಿಬಿಡುತ್ತೇನೆ. ನಿನ್ನಪ್ಪ ಇಲಾರಿಯೊ ಕೈ ಎತ್ತಿದ್ದಕ್ಕಿಂತ ದನಿ ಎತ್ತಿದ್ದೇ ಹೆಚ್ಚು. ಏಟು ಎರಡು ದಿನಕ್ಕೆ ಮಾಯುತ್ತಿತ್ತು. ಆ ದನಿ ಮಾತ್ರ ಮನೆ ಬಿಟ್ಟು ಇಷ್ಟು ದೂರ ಬಂದರೂ ಬೆನ್ನು ಬಿಟ್ಟಿಲ್ಲ. ಹೊಲಿಗೆ ಶೆಡ್ಡಿನಲ್ಲಿ ಯಾವನಾದರೂ ಗಂಡಸು ಹಿಂದಿನಿಂದ ದಪ್ಪ ದನಿಯಲ್ಲಿ "ಬಸೀಲಿಯಾ" ಎಂದರೆ ಇವತ್ತಿಗೂ ಮಿಷನ್ನಿನ ಸೂಜಿಯ ಕೆಳಗೆ ಬೆರಳು ಹೋಗುತ್ತದೆ. ನಿನಗೆ ಆ ಬಾಳು ಬೇಡ. ಅಂಥದ್ದೇನಾದರೂ ಇದ್ದರೆ ಒಂದು ಸಾಲು ಬರೆ. ಸಾಲ ಮಾಡಿಯಾದರೂ ಬಸ್ಸು ಹತ್ತಿ ಬರುತ್ತೇನೆ.

ಇಲ್ಲಿ ಮೂಳೆಗಿಳಿಯುವ ಥಂಡಿ. ನೀನು ಉಣ್ಣೆಯ ಲಂಗ ಹಾಕಿಕೋ, ಹೊಟ್ಟೆಗೆ ಗಾಳಿ ತಾಗಿಸಬೇಡ.

ನಿನ್ನ ಅವ್ವ,
ಬಸೀಲಿಯಾ


ಎಲ್ ಆಲ್ಟೊ
13 ಆಗಸ್ಟ್ 2006

ಅವ್ವಾ,

ಪಾಪ, ಗ್ರೊವರ್! ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಲಿಲ್ಲ. ಕೋಳಿಗೂ ಕೈ ಎತ್ತದ ಮನುಷ್ಯ ಅವನು. ಕುಯ್ಯಬೇಕಾದಾಗ ಅವನ ಅವ್ವನನ್ನೇ ಕರೆಯುತ್ತಾನೆ. ನನ್ನ ತುಟಿ ನೆಟ್ಟಗಿದೆ. ಕೆಟ್ಟಿರುವುದು ಬೇರೆ. ನಿನಗೆ ಇನ್ನು ಸುಳ್ಳು ಹೇಳಲಾರೆ.

ನನ್ನ ದನಿ ಒಡೆದಿದೆ. ಹದಿನಾಲ್ಕರ ಹುಡುಗರಿಗೆ ಒಡೆಯುತ್ತದಲ್ಲ, ಹಾಗೆ. ಮೊದಲು ಕೂಗಿ ಕೂಗಿ ಕಟ್ಟಿದೆ ಎಂದುಕೊಂಡೆ. ಲೈನಿನವರೆಲ್ಲರೂ ಹಾಗೇ ಅಂದರು, ಒಬ್ಬೊಬ್ಬರು ಒಂದೊಂದು ಕಷಾಯ ಹೇಳಿದರು, ಎಲ್ಲವನ್ನೂ ಕುಡಿದೆ. ಬೇರೆ ಕಸುಬಿನವಳಾಗಿದ್ದರೆ ಮೊದಲ ವಾರವೇ ಡಾಕ್ಟರ ಹತ್ತಿರ ಓಡುತ್ತಿದ್ದೆ. ಬಸ್ಸಿಗೆ ಜನ ಕೂಗುವವಳಿಗೆ ಗಂಟಲು ಕೆಟ್ಟರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ದನಿ ಇಳಿಯುತ್ತಾ ಇಳಿಯುತ್ತಾ ಹೋಯಿತು. ಒಬ್ಬ ಮುದುಕ ಕಣ್ಣುಮುಚ್ಚಿಕೊಂಡೇ "ಏ ತಮ್ಮಾ, ಪೆರೆಸ್‌ನಲ್ಲಿ ಇಳಿಸಪ್ಪಾ" ಅಂದ. ಕಣ್ಣು ಬಿಟ್ಟು ನನ್ನ ಹೊಟ್ಟೆ ನೋಡಿ ಶಿಲುಬೆ ಗುರುತು ಹಾಕಿಕೊಂಡ. ಬಸ್ಸಿಡೀ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡರೆ ಗಲ್ಲದ ಕೆಳಗೆ ಕರಿಯ ಕೂದಲು. ಆಮೇಲೆ ನಗು ಬರಲಿಲ್ಲ.

ಗ್ರೊವರನೇ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರ್ ಹಿಮೇನಾ ಎಂಬಾಕೆ ನೋಡಿದರು. ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು. ನನ್ನ ಅಂಡಾಶಯದ ಮೇಲೆ ಒಂದು ಗಡ್ಡೆ ಇದೆಯಂತೆ. ಹೆದರಬೇಡ, ಕೆಟ್ಟ ಗಡ್ಡೆಯಲ್ಲ. ಬಸುರಿನಲ್ಲೇ ಹುಟ್ಟಿ ಹೆರಿಗೆಯಾದ ಮೇಲೆ ತಾನೇ ಕರಗುವಂಥದ್ದು. ಆದರೆ ಇರುವಷ್ಟು ದಿನ ಅದು ಗಂಡಸರ ಹಾರ್ಮೋನನ್ನು ನನ್ನ ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ. ಗಡ್ಡದ ಕೂದಲು ಆಮೇಲೆ ಉದುರುತ್ತದಂತೆ. ದನಿ ಮಾತ್ರ ಹಿಂದಕ್ಕೆ ಬರುತ್ತದೆಂದು ಹೇಳಲಾರೆ ಅಂದರು.

ನನ್ನ ದನಿ ಹಾಳಾಗಿ ಹೋಗಲಿ. ಒಳಗಿರುವುದು ಹೆಣ್ಣು, ಅವ್ವಾ. ಸ್ಕ್ಯಾನಿಂಗಿನಲ್ಲಿ ಕಂಡಿತು. ನನ್ನ ರಕ್ತದಲ್ಲಿರುವುದು ಅವಳಿಗೂ ಹೋಗುತ್ತದೆಯೇ ಎಂದು ಕೇಳಿದೆ. ಡಾಕ್ಟರು ಸುಳ್ಳು ಹೇಳಲಿಲ್ಲ. ತಾಯಿಯ ರಕ್ತ ಕೂಸಿನ ರಕ್ತ ಎರಡೂ ಬೆರೆಯುವುದಿಲ್ಲವಂತೆ. ನಡುವೆ ಮಾಸು ಕೂತಿರುತ್ತದೆ. "ಹಾರ್ಮೋನು ಬಹಳ ಸಣ್ಣದಮ್ಮ, ಮಾಸಿನ ಒಳಗೆ ನುಗ್ತದೆ. ಆದ್ರೆ ಮಾಸು ಸುಮ್ನೆ ಬಿಡೋದಿಲ್ಲ. ಗಂಡಸರ ಹಾರ್ಮೋನು ಬಂದ್ರೆ ಅದನ್ನ ಹೆಂಗಸರ ಹಾರ್ಮೋನು ಮಾಡಿಬಿಡ್ತದೆ. ಅದರ ಕೆಲಸಾನೇ ಅದು" ಅಂದರು. ಮಾಸಿನ ಕೈಲಿ ಆಗದಷ್ಟು ಬಂದರೆ? "ಆಗ ಮಿಕ್ಕಿದ್ದು ಕೂಸಿಗೆ ಹೋಗ್ತದೆ. ಹುಟ್ಟಿದಾಗ ನೋಡಿದವರಿಗೆ ಗಂಡೋ ಹೆಣ್ಣೋ ಹೇಳೋಕಾಗದ ಹಾಗೆ ಮೈ ಬೆಳೆದಿರಬಹುದು. ಹಾಗೆ ಹುಟ್ಟಿದ್ರೂ ಅದು ನಿನ್ನ ಕೂಸೇ, ಆರೋಗ್ಯದ ಕೂಸೇ. ಆದ್ರೆ ಮುಂದೆ ಬಹಳ ಓಡಾಟ ಇರ್ತದೆ." ಸಾಧ್ಯತೆ ಎಷ್ಟು ಅಂದೆ. ಅರ್ಧಕ್ಕರ್ಧ ಅಂದರು.

ಈಗ ಆಪರೇಷನ್ ಮಾಡಿದರೆ ಕೂಸಿಗೇ ಅಪಾಯ. ಕಾಯಬೇಕು. ನಾನು ಕಾಯುವುದರಲ್ಲಿ ಎಂಥವಳೆಂದು ನಿನಗೆ ಗೊತ್ತು. ಸೀಟು ತುಂಬುವ ತನಕ ಬಸ್ಸು ನಿಂತರೂ ಕಾಲು ಕುಟ್ಟುವವಳು.

ಯೊಲಾ


ಬ್ಯೂನಸ್ ಐರಿಸ್
3 ಸೆಪ್ಟೆಂಬರ್ 2006

ಮಗಳೇ,

ಕಾಗದ ಓದಿದ ದಿನ ನಾನು ಹೊಲಿದ ಜಾಕೆಟ್ಟುಗಳಿಗೆಲ್ಲ ಜಿಪ್ಪು ತಲೆಕೆಳಗಾಗಿ ಕೂತಿತ್ತು. ಮೇಸ್ತ್ರಿ ಎಲ್ಲವನ್ನೂ ಬಿಚ್ಚಿಸಿದ. ಬಿಚ್ಚುತ್ತಾ ಅಳುತ್ತಿದ್ದೆ. ಪಕ್ಕದವಳು ಮೇಸ್ತ್ರಿ ಬೈದದ್ದಕ್ಕೆಂದು ತಿಳಿದು ಸಮಾಧಾನ ಮಾಡಿದಳು.

ಯಾರ ಕಣ್ಣು ಬಿತ್ತೋ. ನಿನ್ನ ದನಿ ಎಂಥದಿತ್ತು! ಮೂರು ಬೀದಿ ಆಚೆ ನೀನು ಕೂಗಿದರೆ ನನಗೆ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಅದು ಹೋದರೆ ಹೋಗಲಿ, ನೀನು ಅಂದ ಹಾಗೆ. ನನಗೂ ಈಗ ಕೂಸಿನದೇ ಚಿಂತೆ. ಕಣ್ಣು ಮುಚ್ಚಿದರೆ ಆ ಮಾಸೇ ಕಾಣುತ್ತದೆ, ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ ಹಾಗೆ. ಎಷ್ಟು ಹೊತ್ತು ನಿಂತೀತು ಪಾಪ!

ಒಂದು ಮಾತು ಕೇಳು. ಹೆರಿಗೆಯಾದ ಮೇಲೆ ಮಾಸನ್ನು ಆಸ್ಪತ್ರೆಯವರು ಬಕೆಟ್ಟಿಗೆ ಹಾಕಲು ಬಿಡಬೇಡ. ಈಗಿನಿಂದಲೇ ಆ ಡಾಕ್ಟರಮ್ಮನಿಗೆ ಹೇಳಿಡು. ನಿನ್ನದನ್ನು ನನ್ನವ್ವ ತೊಳೆದು ನಮ್ಮ ಅಂಗಳದಲ್ಲಿ ಹೂತಳು. ಈ ಕೂಸಿನದನ್ನು ನಾನು ತೊಳೆಯಬೇಕಿತ್ತು. ನನಗೆ ರಜೆ ಇಲ್ಲ, ಕಾಗದಪತ್ರವೂ ಸರಿ ಇಲ್ಲ. ಈಗ ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲ. ಬೆನಿತಾಗೆ ಹೇಳು, ಬಿಸಿನೀರಲ್ಲಿ ತೊಳೆಯಬೇಕು, ರಕ್ತದ ಒಂದು ಗುರುತೂ ಉಳಿಯಬಾರದು, ಬೈಯುತ್ತಾ ತೊಳೆಯಬಾರದು. ಅವಳ ಬಾಯಿ ನನಗೆ ಗೊತ್ತಿದೆ.

ಇಪ್ಪತ್ತನಾಲ್ಕನೇ ತಾರೀಖು ಭಾನುವಾರ ಮಧ್ಯಾಹ್ನ ಫೋನು ಮಾಡುತ್ತೇನೆ. ದನಿ ಹೇಗಿದ್ದರೇನು, ನಾನು ನಿನ್ನ ಹೆತ್ತವಳು. ಬಾ.

ಬಸೀಲಿಯಾ


ಎಲ್ ಆಲ್ಟೊ
17 ಸೆಪ್ಟೆಂಬರ್ 2006

ಅವ್ವಾ,

ಈ ವಾರ ಮತ್ತೆ ರಕ್ತ ನೋಡಿದರು. ಮೊದಲಿಗಿಂತ ಹೆಚ್ಚಾಗಿದೆ. ಡಾಕ್ಟರ್ ಹಿಮೇನಾ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಅದೇ ಚೀಟಿಯನ್ನು ಇನ್ನೊಮ್ಮೆ ಓದಿದರು.

ಫೋನಿಗೆ ಕರೆಯಬೇಡ. ದಮ್ಮಯ್ಯ. ಯಾಕೆ ಎಂದೂ ಕೇಳಬೇಡ.

ಯೊಲಾ


ಬ್ಯೂನಸ್ ಐರಿಸ್
1 ಅಕ್ಟೋಬರ್ 2006

ಯೊಲಾ,

ನಿನ್ನ ಕಾಗದ ಮಂಗಳವಾರ ಬಂತು. ನಾನು ಭಾನುವಾರವೇ ಫೋನು ಮಾಡಿಯಾಗಿತ್ತು. ಮಕಾರಿಯೊ ನಿನ್ನನ್ನು ಕೂಗಿದ. ಯಾರೋ ಬಂದು ರಿಸೀವರ್ ಎತ್ತಿಕೊಂಡರು. ನಾನು "ಯೊಲಾ, ಯೊಲಾ" ಎನ್ನುತ್ತಲೇ ಇದ್ದೆ. ಉಸಿರು ಮಾತ್ರ ಕೇಳುತ್ತಿತ್ತು. ಅದು ನಿನ್ನ ಉಸಿರು. ಚಿಕ್ಕಂದಿನಿಂದ ಅಳು ತಡೆದುಕೊಂಡಾಗ ನೀನು ಹಾಗೇ ಉಸಿರಾಡುವವಳು. ಆಮೇಲೆ ನೀನು ಇಟ್ಟುಬಿಟ್ಟೆ.

ನಾನು ಏನು ಮಾಡಿದೆ ನಿನಗೆ? ನಿನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಇಲ್ಲಿಗೆ ಬಂದೆನೆಂಬ ಸಿಟ್ಟೇ? ಇದ್ದರೆ ಬೈದುಬಿಡು. ಬೈಗುಳವಾದರೂ ಕೇಳುತ್ತದೆ. ಈ ಮೌನ ನನ್ನ ಕೈಲಿ ಆಗುವುದಿಲ್ಲ.

ಕೂಸು ಹೇಗಿದೆ ಎಂದಾದರೂ ಬರೆ.

ಅವ್ವ


ಎಲ್ ಆಲ್ಟೊ
4 ನವೆಂಬರ್ 2006

ಅವ್ವಾ,

ಒಂದು ತಿಂಗಳಿಂದ ಬರೆಯುವುದು, ಹರಿಯುವುದು ಇದೇ ಆಗಿದೆ. ಸಿಟ್ಟಲ್ಲ ಅವ್ವಾ, ದೇವರಾಣೆ. ನಡೆದದ್ದನ್ನು ಹಾಗೇ ಹೇಳುತ್ತೇನೆ, ನಿನಗೇ ತಿಳಿಯುತ್ತದೆ.

ಅಪ್ಪ ಸತ್ತ ಮೇಲೆ ಇದು ಮೂರನೇ ವರ್ಷ. ಸರ್ವ ಸಂತರ ಹಬ್ಬಕ್ಕೆ ಕೊನೆಯ ಸಲ ದೊಡ್ಡದಾಗಿ ಸತ್ತವರ ಎಡೆಯ ಮೇಜು ಇಡಬೇಕಲ್ಲ, ಚಿಕ್ಕಮ್ಮನ ಮನೆಯಲ್ಲಿ ಇಟ್ಟೆವು. ಕಪ್ಪು ಬಟ್ಟೆ, ಕಬ್ಬಿನ ಕಮಾನು, ಅಪ್ಪನ ಮುಖ ಅಂಟಿಸಿದ ಬೊಂಬೆ ರೊಟ್ಟಿ, ಒಂದು ಬಾಟಲಿ ಬಿಯರು. ಮಧ್ಯಾಹ್ನ ಹನ್ನೆರಡಕ್ಕೆ ಸತ್ತವರು ಬರುವ ಹೊತ್ತು. ಮಗಳು ನಾನೊಬ್ಬಳೇ ಆದ್ದರಿಂದ ನಾನೇ ಪ್ರಾರ್ಥನೆ ಹೇಳಬೇಕಿತ್ತು. ಸಣ್ಣಗೆ ಶುರು ಮಾಡಿದೆ. ಅಷ್ಟರಲ್ಲಿ ಅಪ್ಪನ ಅಕ್ಕ ನಾಸಾರಿಯತ್ತೆ ಬಾಗಿಲಿಗೆ ಬಂದಳು. ಅವಳಿಗೆ ಈಗ ಕಣ್ಣು ಅಷ್ಟಕ್ಕಷ್ಟೇ. ನನ್ನ ದನಿ ಕಿವಿಗೆ ಬಿದ್ದದ್ದೇ ತಡ, ಹೊಸಿಲಲ್ಲೇ ಕುಸಿದು ಕೂತಳು.

"ಇಲಾರಿಯೊ! ಬಂದ್ಯೇನೋ!" ಅಂದಳು. ಅವಳು ಅಳುತ್ತಾ ಬೈಯತೊಡಗಿದಳು. "ಬಸೀಲಿಯಾನ ಹೆದರಿಸಿ ಹೆದರಿಸಿ ಊರು ಬಿಡಿಸ್ದೆ. ಈಗ ರೊಟ್ಟಿ ತಿನ್ನಕ್ಕೆ ಮೆತ್ತಗೆ ಬಂದ್ಯಾ? ಮಾತಾಡೋ! ಬದುಕಿದ್ದಾಗ ಬೀದಿಗೆಲ್ಲಾ ಕೇಳೋ ಹಾಗೆ ಅರಚ್ತಿದ್ದೆ, ಈಗ್ಯಾಕೆ ಬಾಯಿ ಬಿದ್ದೋಯ್ತು?"

ನಾನು ಬಾಯಿ ಮುಚ್ಚಿಕೊಂಡು ಹೊರಗೆ ಓಡಿದೆ. ಗ್ರೊವರ್ ಅತ್ತೆಯ ಕೈ ಹಿಡಿದು, "ಯೊಲಾ, ಅತ್ತೆ, ಅದು ಯೊಲಾ" ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ಇದೇ, ಅವ್ವಾ. ಆಗಸ್ಟಿನಿಂದಲೇ ನನಗೆ ಅನುಮಾನವಿತ್ತು. ಒಂದು ದಿನ ಬಸ್ಸಿನ ಬಾಗಿಲಿಗೆ ಅಡ್ಡ ನಿಂತವನನ್ನು "ಏಯ್, ಸರೀ!" ಎಂದು ಗದರಿದೆ. ಅಪ್ಪ ಹಿಂದೆ ನಿಂತು ಗದರಿದ ಹಾಗಿತ್ತು. ಆ ಭಾನುವಾರ ರಿಸೀವರ್ ಹಿಡಿದು ಬಾಯಿ ತೆರೆದೆ. ನೀನು ಸಣ್ಣ ದನಿಯಲ್ಲಿ "ಯೊಲಾ, ಯೊಲಾ" ಎನ್ನುತ್ತಿದ್ದೆ. ನಿನ್ನ ಕಿವಿಗೆ ಆ ದನಿಯನ್ನು ನಾನು ಹೇಗೆ ಸುರಿಯಲಿ? ಅದರಿಂದ ಓಡಿಹೋಗಲೆಂದೇ ಅಲ್ಲವೇ ನೀನು ಬಸ್ಸು ಹತ್ತಿದ್ದು.

ಕೂಸು ದಪ್ಪಗಾಗಿದೆ. ಅವಳಿಗೆ ಏನಾಗಿದೆ, ಏನಾಗಿಲ್ಲ ಎಂದು ಸ್ಕ್ಯಾನಿಂಗಿನಲ್ಲಿ ಸರಿಯಾಗಿ ಕಾಣುತ್ತಿಲ್ಲ, ತೊಡೆ ಕೂಡಿಸಿಕೊಂಡು ಮಲಗಿದ್ದಾಳೆ. ಹುಟ್ಟಿದ ಮೇಲೆಯೇ ಗೊತ್ತಾಗುವುದು. ನನಗೆ ತುಂಬಾ ಭಯವಾಗುತ್ತಿದೆ ಅವ್ವಾ.

ಯೊಲಾ


ಎಲ್ ಆಲ್ಟೊ
30 ನವೆಂಬರ್ 2006

ಅವ್ವಾ,

ಆ ಕಾಗದ ಕಳಿಸಿದ ಮೇಲೆ ನಿನ್ನಿಂದ ಒಂದು ಸಾಲೂ ಬರಲಿಲ್ಲ. ಮೂರು ಗುರುವಾರ ಬಸ್ಸಿನವನನ್ನು ಕೇಳಿದೆ. ಬರೆಯಬಾರದಿತ್ತೇನೋ. ಇರಲಿ, ಇದನ್ನಾದರೂ ಓದು.

ಇಪ್ಪತ್ತಮೂರಕ್ಕೆ ಹೆರಿಗೆಯಾಯಿತು. ನೋವಿನಲ್ಲಿ ನಾನು ಕೂಗಿದ್ದಕ್ಕೆ ಪಕ್ಕದ ಮಂಚದವಳು "ಹೆರಿಗೆ ವಾರ್ಡಿಗೆ ಗಂಡಸರನ್ನ ಯಾಕೆ ಬಿಟ್ರಿ" ಎಂದು ನರ್ಸಿನ ಜೊತೆ ಜಗಳಕ್ಕೆ ಬಿದ್ದಳಂತೆ. ಕೂಸು ಹೊರಗೆ ಬಂತು, ಅತ್ತಿತು. ಡಾಕ್ಟರ್ ಹಿಮೇನಾ ಅವಳನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟು ಹೊತ್ತು ನಾನು ಉಸಿರು ಬಿಟ್ಟೆನೋ ಇಲ್ಲವೋ. ಆಮೇಲೆ ಅವರು ನನ್ನ ಕಡೆ ತಿರುಗಿ ನಕ್ಕರು. "ಹೆಣ್ಣು ಕಣಮ್ಮ. ಏನೂ ಆಗಿಲ್ಲ. ಎಲ್ಲಾ ಸರಿಯಾಗಿದೆ." ನಾನು ಎಷ್ಟು ಗಟ್ಟಿಯಾಗಿ ಅತ್ತೆನೆಂದರೆ ಪಕ್ಕದವಳು ಮತ್ತೆ ಜಗಳಕ್ಕೆ ಎದ್ದಳು.

ಹೊಕ್ಕುಳಬಳ್ಳಿಯ ರಕ್ತವನ್ನೂ ನೋಡಿದರು. ನನ್ನ ರಕ್ತದಲ್ಲಿ ಆ ಹಾರ್ಮೋನು ತುಂಬಿ ತುಳುಕುತ್ತಿದೆ, ಕೂಸಿನ ರಕ್ತದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಮಾಸು ಬಂದದ್ದನ್ನೆಲ್ಲ ಅಷ್ಟೂ ತಿಂಗಳು ಬದಲಾಯಿಸಿ ಬದಲಾಯಿಸಿಯೇ ಒಳಗೆ ಕಳಿಸಿದೆ.

ಪರೀಕ್ಷೆಗೆ ಒಂದು ಚೂರು ತೆಗೆದುಕೊಂಡು ಮಿಕ್ಕದ್ದನ್ನು ಕೊಟ್ಟರು. ಬೆನಿತಾ ಎನಾಮೆಲ್ ಬೋಗುಣಿ ಹಿಡಿದು ಬಾಗಿಲಲ್ಲೇ ಕಾದಿದ್ದಳು. ಮನೆಗೆ ತಂದು ಬಿಸಿನೀರಲ್ಲಿ ತೊಳೆದಳು. ನಿನ್ನ ಮಾತು ಹೇಳಿದ್ದೆ, ಬೈಯಲಿಲ್ಲ. "ಬಾಗಿಲು ಚೆನ್ನಾಗಿ ಕಾದೆ ಕಣವ್ವ. ಸುಸ್ತಾಗಿರ್ತೀಯ. ಮಲಕ್ಕೋ ಇನ್ನ" ಎನ್ನುತ್ತಾ ತೊಳೆದಳು, ಅವಳ ಬಾಯಲ್ಲಿ ಅಂಥ ಮಾತು ಬಂದದ್ದು ನಾನು ಕೇಳಿದ್ದು ಇದೇ ಮೊದಲು. ಬಿಳಿ ಬಟ್ಟೆಯಲ್ಲಿ ಸುತ್ತಿ, ಹೆಣ್ಣುಕೂಸಾದ್ದರಿಂದ ನೂಲು ತೆಗೆಯುವ ಒಂದು ಪುಟ್ಟ ಕದಿರು ಇಟ್ಟು, ಮೇಲೆ ಸಕ್ಕರೆ, ಕೋಕಾ ಎಲೆ ಹಾಕಿ ಅಂಗಳದ ನೆರಳಲ್ಲಿ ಹೂತೆವು.

ಹೆಸರು ಲಿಸೆತ್ ಎಂದು ಇಟ್ಟಿದ್ದೇವೆ. ನನ್ನ ದನಿ ಹಾಗೇ ಇದೆ, ಬಹುಶಃ ಹಾಗೇ ಇರುತ್ತದೆ. ಆದರೆ ನಾನು ಮಾತಾಡಿದರೆ ಅವಳು ಅಳು ನಿಲ್ಲಿಸುತ್ತಾಳೆ. ಒಳಗಿನಿಂದ ಅವಳು ಕೇಳಿದ್ದು ಇದೊಂದೇ ದನಿ. ಅವಳಿಗೆ ಅದು ಅವ್ವನದು.

ಹತ್ತನೇ ತಾರೀಖು ಭಾನುವಾರ ಮಧ್ಯಾಹ್ನ ಮಕಾರಿಯೊನ ಅಂಗಡಿಯಲ್ಲಿ ಕೂತಿರುತ್ತೇನೆ. ನಿನಗೆ ಮನಸ್ಸಾದರೆ ಮಾಡು. ಆಗದಿದ್ದರೆ ಬೇಡ, ಬೇಜಾರಿಲ್ಲ.

ಯೊಲಾ


ಬ್ಯೂನಸ್ ಐರಿಸ್
10 ಡಿಸೆಂಬರ್ 2006, ಭಾನುವಾರ ಸಂಜೆ

ಯೊಲಾ, ನನ್ನ ಬಂಗಾರ,

ಈಗ ತಾನೇ ಟೆಲಿಫೋನ್ ಅಂಗಡಿಯಿಂದ ಬಂದೆ. ನೀನು ಅಲ್ಲಿ ರಿಸೀವರ್ ನೋಡುತ್ತಾ ಅಳುತ್ತಿರಬಹುದು. ಈ ಕಾಗದ ಮುಟ್ಟುವ ತನಕ ಅವ್ವ ಹೆದರಿ ಇಟ್ಟುಬಿಟ್ಟಳು ಎಂದೇ ತಿಳಿದಿರುತ್ತೀಯ. ಅದಕ್ಕೇ ಕೈಕಾಲು ತೊಳೆಯದೆ ಬರೆಯಲು ಕೂತಿದ್ದೇನೆ.

ಹೆದರಿದ್ದು ನಿಜ. ನಿನ್ನ ನವೆಂಬರಿನ ಕಾಗದ ಓದಿದ ಮೇಲೆ ಎಷ್ಟೋ ಸಲ ಪೆನ್ನು ಹಿಡಿದೆ, ಆಗಲಿಲ್ಲ. ಹೆತ್ತ ಮಗಳ ದನಿಗೆ ಹೆದರುವ ತಾಯಿ ಇರುತ್ತಾಳೆಯೇ ಎಂದು ನನ್ನ ಮೇಲೆ ನನಗೇ ನಾಚಿಕೆ. ಇವತ್ತು ಬೂತಿನ ಬಾಗಿಲು ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಹಿಂದಿನಿಂದ ಯಾರೂ ಬರಬಾರದು ಎಂಬ ಹಾಗೆ. ಮಕಾರಿಯೊ "ಕೊಟ್ಟೆ" ಅಂದ. ಆಮೇಲೆ ಬಂತು. ನಾಸಾರಿಯಾ ಅಕ್ಕನದು ತಪ್ಪಲ್ಲ, ಮಗಳೇ. ಅದು ಇಲಾರಿಯೊನದೇ ದನಿ. ಅದೇ ಗೊಗ್ಗರು, ಮಾತಿನ ಕೊನೆಯಲ್ಲಿ ಅದೇ ಭಾರ.

ಆ ದನಿ ಹೇಳಿತು: "ಅವ್ವಾ, ಊಟ ಆಯ್ತಾ?"

ಹತ್ತೊಂಬತ್ತು ವರ್ಷ ಅವನ ಜೊತೆ ಬಾಳಿದೆ, ಯೊಲಾ. ಬೇಯಿಸಿ ಹಾಕಿದೆ, ಬಡಿಸಿದೆ, ಅವನು ಉಂಡೆದ್ದ ಮೇಲೆ ಉಳಿದದ್ದನ್ನು ತಿಂದೆ. ಆ ದನಿ ಒಂದು ದಿನವೂ ನನ್ನನ್ನು ಊಟ ಆಯಿತೇ ಎಂದು ಕೇಳಿರಲಿಲ್ಲ. ಅದಕ್ಕೆ ಏನು ಉತ್ತರ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ರಿಸೀವರ್ ಇಟ್ಟುಬಿಟ್ಟೆ. ಹೆದರಿಕೆಯಿಂದ ಇಟ್ಟದ್ದಲ್ಲ, ಮಗಳೇ. ಬೂತಿನಲ್ಲಿ ಕೂತು ಅತ್ತೆ. ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿದು ಬಡಿದು ಸೋತರು.

ಆಯಿತು, ಮಗಳೇ. ಊಟ ಆಯಿತು. ಅನ್ನ, ಸಾರು, ಒಂದು ಆಲೂಗಡ್ಡೆ.

ಬರುವ ಭಾನುವಾರವೂ ಕೇಳು.

ನಿನ್ನ ಅವ್ವ,
ಬಸೀಲಿಯಾ